ಮೊಂಬಾಸದ ಮಾತ್ರೆ, ಸೊರಬದ ಸೊಸೆ

ಯಾರ ಮನೆಗೆ ಹೋದರೂ ಅವರ ಔಷಧಿ ಬಾಟಲಿ ಎತ್ತಿ ಓದುವ ಕೆಟ್ಟ ಚಟ ನನಗಿದೆ. ಓದುವುದು ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಹೆಸರನ್ನಲ್ಲ, ಅದರ ಕೆಳಗೆ ಇರುವೆ ಸಾಲಿನಂತೆ ಹರಿದಿರುವ ಸಣ್ಣಕ್ಷರವನ್ನು. ವರನ ಕೋಟು ನೋಡದೆ ಗೋತ್ರ ಕೇಳುವವಳು ಎಂದು ಯಜಮಾನರು ನಗುತ್ತಾರೆ. ನಗಲಿ. ಈ ಚಟ ಹತ್ತಿದ್ದು ನನ್ನ ಅಕ್ಕ ಗಿರಿಜೆಯಿಂದ.

ಕನ್ನಡ ನಾಡು ಒಂದಾದ ಹೊಸತು. ನಾನು ಶಿಕಾರಿಪುರದಲ್ಲಿ ಹುಡುಗಿಯರ ಶಾಲೆಯ ಉಪಾಧ್ಯಾಯಿನಿ. ಅಕ್ಕ ಗಂಡನ ಜೊತೆ ಆಫ್ರಿಕದ ಮೊಂಬಾಸ ಬಂದರಿನಲ್ಲಿದ್ದಳು. ಸೊರಬದಲ್ಲಿ ಮಾವನವರಿಗೆ ಲಕ್ವ ಹೊಡೆಯಿತೆಂದು ಭಾವ ಅವಳನ್ನು ಮುಂಚಿತವಾಗಿ ಕಳಿಸಿದರು. ತಾವು ಕೆಲಸದ ಕರಾರು ಮುಗಿಸಿ ಬರುವವರಿದ್ದರು. ಅಲ್ಲಿನ ಡಾಕ್ಟರು ದಿನವೂ ತಪ್ಪದೆ ತಿನ್ನಬೇಕೆಂದು ಅಕ್ಕನಿಗೆ ಕೊಟ್ಟಿದ್ದ ಮಾತ್ರೆ ಇಲ್ಲಿ ಮುಗಿದುಹೋಯಿತು.

ರಜೆಯಲ್ಲಿ ನಾನು ಸೊರಬಕ್ಕೆ ಹೋದಾಗ ಅಕ್ಕನ ಗುರುತೇ ಹತ್ತಲಿಲ್ಲ. ಮುಖ ಊದಿತ್ತು, ಕೂದಲು ಉದುರಿತ್ತು. ಬಿರುಬೇಸಿಗೆಯಲ್ಲಿ ಕಂಬಳಿ ಹೊದ್ದಿದ್ದಳು. ರೊಟ್ಟಿ ತಟ್ಟಲು ಕೂತವಳು ಹಿಟ್ಟಿನ ಮೇಲೆ ಕೈಯಿಟ್ಟುಕೊಂಡೇ ತೂಕಡಿಸುತ್ತಿದ್ದಳು.

"ಪರದೇಶದ ಸುಖ ಮೈಗೆ ಹತ್ತಿದೆ, ನೋಡು," ಎಂದರು ಅವಳ ಅತ್ತೆ. "ಕಷಾಯ ಮಾಡಿಕೊಟ್ಟೆ. ಬಗ್ಗಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮಾತ್ರೆಯ ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಶಿಕಾರಿಪುರದ ಔಷಧಿ ಅಂಗಡಿಯವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಈ ಹೆಸರಿಂದು ನಮ್ಮಲ್ಲಿ ಬರಂಗಿಲ್ಲರೀ. ಬದಲಿಗೆ ಈ ಟಾನಿಕ್ ಒಯ್ಯಿರಿ, ಮೈಯಾಗ ರಕ್ತ ತುಂಬ್ತದ."

"ಅಕ್ಕನಿಗೆ ರಕ್ತ ಇದೆ. ಬೇಕಾದ್ದು ಈ ಬಾಟಲಿಯೊಳಗೆ ಇದ್ದದ್ದು."

"ಹಂಗಾದ್ರ ಆ ದೇಶಕ್ಕೇ ಹೋಗಬೇಕಾಗ್ತದ ನೀವು!"

ನನಗೆ ಹಟ ಬಂತು. ಇದೇ ಊರಿನ ಸಂತೆಯಲ್ಲಿ ಶೇಂಗಾ ಎಂದು ಕೊಳ್ಳುವುದನ್ನು ಮೈಸೂರಿನವರು ಕಡಲೆಕಾಯಿ ಎನ್ನುತ್ತಾರೆ, ಘಟ್ಟದ ಕೆಳಗಿನವರು ನೆಲಗಡಲೆ ಎನ್ನುತ್ತಾರೆ. ಸಿಪ್ಪೆ ಸುಲಿದರೆ ಅದೇ ಕಾಳು. ಮೊಂಬಾಸದವರ ಮೈಯೂ ಸೊರಬದವರ ಮೈಯೂ ಒಂದೇ ಮಣ್ಣಿನದಾದರೆ ಮದ್ದು ಮಾತ್ರ ಹೇಗೆ ಬೇರೆಯಾದೀತು?

ಅಕ್ಕನನ್ನೇ ಕರೆಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅತ್ತೆ ಕಳಿಸಲು ಒಪ್ಪಲಿಲ್ಲ. ಅಕ್ಕ ಒಪ್ಪಿಗೆಗೆ ಕಾಯಲೂ ಇಲ್ಲ. ಡಾಕ್ಟರು ಅವಳ ನಾಡಿ ಹಿಡಿದರು, ಕೊರಳು ಮುಟ್ಟಿ ನೋಡಿದರು, ಕನ್ನಡಕ ಮೇಲೇರಿಸಿ ಬಾಟಲಿಯ ಸಣ್ಣಕ್ಷರ ಓದಿದರು.

"ಮೇಲಿನ ಹೆಸರು ಕಂಪನಿಯವರು ಇಟ್ಟಿದ್ದು. ಕೆಳಗಿರೋದು ಅಸಲು ಹೆಸರು, ಥೈರಾಯ್ಡ್. ಇದು ಶಿವಮೊಗ್ಗದಲ್ಲೇ ಸಿಗುತ್ತೆ, ಬೇರೆ ಕಂಪನಿಯದು. ಆದರೆ ಅದರ ಬಲ, ಇದರ ಬಲ ಒಂದೇ ಇರೋದಿಲ್ಲ. ಸ್ವಲ್ಪದಿಂದ ಶುರು ಮಾಡಿ, ನನಗೆ ತೋರಿಸ್ತಾ ಹೋಗಬೇಕು." ಆಮೇಲೆ ತುಸು ತಡೆದು ಕೇಳಿದರು: "ಮನೇಲಿ ಮಾಂಸ ತಿಂತೀರಾ?"

"ಇಲ್ಲ," ಎಂದೆ.

"ಹಾಗಾದರೆ ಹೇಳಿಬಿಡಬೇಕು. ಇದು ಕುರಿಯ ಕೊರಳಿನ ಗ್ರಂಥಿ ಒಣಗಿಸಿ ಮಾಡಿದ ಮಾತ್ರೆ."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಕ್ಕ ನಿಧಾನವಾಗಿ ಕೇಳಿದಳು, "ಅಲ್ಲಿ ಇಷ್ಟು ದಿನ ತಿಂದಿದ್ದೂ ಇದೇನಾ?"

"ಇದೇ ಕಣಮ್ಮ."

"ಸರಿ ಹಾಗಾದ್ರೆ, ಬರೆದುಕೊಡಿ."

ವಾಪಸು ಬಸ್ಸಿನಲ್ಲಿ ಹೋಗುವಾಗ ನಾನು ನನ್ನ ಜಾಣತನ ತೋರಿಸಿದೆ. "ಶಿವಮೊಗ್ಗದ ಮಾತ್ರೆ ಮೊಂಬಾಸದ ಬಾಟಲಿಗೆ ಸುರಿದಿಡು. ಅತ್ತೆಗೆ ಗೊತ್ತಾಗೋದೇ ಇಲ್ಲ." ಮಕ್ಕಳಿಗೆ ಸತ್ಯದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳ ಮಾತು ಇದು! ಅಕ್ಕ ನನ್ನನ್ನು ನೋಡಿದ ರೀತಿಗೆ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮಾತ್ರೆ ತರಿಸಿದ ದಿನ ಅವಳೇ ಅತ್ತೆಯ ಮುಂದೆ ನಿಂತು, ಅದು ಏನು, ಯಾವುದರಿಂದ ಮಾಡಿದ್ದು, ಎಲ್ಲ ಹೇಳಿದಳು. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಶಿವ ಶಿವಾ! ಅದನ್ನ ಜಗಲಿ ಗೂಡಿನಲ್ಲಿಡು. ಅಡಿಗೆಮನೆ ಹೊಸಲು ದಾಟಬಾರದು."

"ಅದು ಆಗಲೇ ದಾಟಿದೆ ಅತ್ತೆ, ನನ್ನ ಹೊಟ್ಟೆಯೊಳಗೆ ಕೂತು," ಎಂದಳು ಅಕ್ಕ. "ಇಟ್ಟರೆ ನಮ್ಮಿಬ್ಬರನ್ನೂ ಒಳಗಿಡಿ. ಹಾಕಿದರೆ ಇಬ್ಬರನ್ನೂ ಹೊರಗೆ ಹಾಕಿ. ಅದನ್ನ ಬಿಟ್ಟು ನಾನೊಬ್ಬಳೇ ಒಳಗೆ ಬರೋಲ್ಲ."

ಅತ್ತೆ ಮುಖ ತಿರುಗಿಸಿದರು. ಅಕ್ಕ ಕಂಬಳಿ, ಬಾಟಲಿ ಎರಡನ್ನೂ ಎತ್ತಿಕೊಂಡು ಜಗಲಿಗೆ ನಡೆದೇಬಿಟ್ಟಳು. ಅಲ್ಲೇ ಉಂಡಳು, ಅಲ್ಲೇ ಮಲಗಿದಳು. ಹೋಗಿಬರುವವರು ಯಾಕಮ್ಮ ಎಂದರೆ, ಯಾಕೆಂದು ಬಿಡಿಸಿ ಹೇಳಿದಳು. ಕೊನೆಗೆ ಒಳಗಿನಿಂದ ಮಾವನವರು ತೊದಲು ನಾಲಗೆಯಲ್ಲಿ ಕೂಗಿದರು. ಮಾತು ಪೂರ್ತಿ ತಿಳಿಯಲಿಲ್ಲ, ಆದರೆ "ಸೊಸೆ" ಎಂಬುದೂ "ಒಳಗೆ" ಎಂಬುದೂ ಎಲ್ಲರಿಗೂ ಕೇಳಿಸಿತು. ಅತ್ತೆ ಬಂದು ಕಂಬಳಿಯ ಒಂದು ತುದಿ ಹಿಡಿದು ಎಳೆದರು. "ಬಾ. ಊರಿಗೆಲ್ಲ ತೋರಿಸಿಕೊಂಡಿದ್ದು ಸಾಕು." ಬಾಟಲಿ ತುಪ್ಪದ ಗಡಿಗೆಯ ಪಕ್ಕದಲ್ಲಿ ಕೂತಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕ ನಮ್ಮ ಹಳೆಯ ಗಿರಿಜೆಯಾಗಿದ್ದಳು. ನಾನು ಹೋಗಿದ್ದಾಗ ಪಕ್ಕದ ಮನೆಯವರು ಜಗಲಿಯಲ್ಲಿ ಕೂತು, "ನಿಮ್ಮ ಸೊಸೆಗೆ ಯಾವ ಮದ್ದು ಕೊಟ್ಟಿರಿ?" ಎಂದು ಅತ್ತೆಯನ್ನು ಕೇಳುತ್ತಿದ್ದರು.

"ಯಾವುದೋ ಬೇರಿನದು," ಎಂದರು ಅತ್ತೆ ತಗ್ಗಿದ ದನಿಯಲ್ಲಿ.

"ಬೇರಲ್ಲ ಅತ್ತೇ, ಕುರಿ ಗಂಟಲಿಂದು!" ಹಿತ್ತಿಲ ಬಾವಿಕಟ್ಟೆಯಿಂದ ಅಕ್ಕನ ಕೂಗು ಮನೆ ಸೀಳಿಕೊಂಡು ಬಂತು.

ಪಕ್ಕದ ಮನೆಯವರು ಬಾಯಿ ತೆರೆದು ಕೂತರು. ಅತ್ತೆ ತಾಂಬೂಲದ ತಟ್ಟೆಯನ್ನು ಅವರ ಕಡೆ ಸರಿಸಿದರು.

"ಕೇಳಿಸ್ತಲ್ಲ? ಅದನ್ನ ತಿಂದೇ ಈ ಗಂಟಲು ಬಂದಿರೋದು."