ಕೆಳಗೆ ಯಾರ ಕಾಲೂ ಇರಲಿಲ್ಲ

ಮೂರ್ತಿ ಸರ್, ಆ ಭಾನುವಾರ ನಾನು ಬಿದ್ದದ್ದು ನಿಮ್ಮಿಂದ ಅಲ್ಲ. ನನ್ನ ಪಾದದ ಕೆಳಗೆ ನಿಮ್ಮ ಪಾದ ಬಂದಿರಲಿಲ್ಲ. ಯಾರದೂ ಬಂದಿರಲಿಲ್ಲ. ಅಲ್ಲಿ ಸಿಮೆಂಟಿನ ನೆಲ ಮಾತ್ರ ಇತ್ತು. ಬಂತು ಅಂತ ನಾನು ಹೇಳಿದ್ದು ಸುಳ್ಳು—ಗೊತ್ತಿದ್ದೇ ಹೇಳಿದ ಸುಳ್ಳು.

ಇಷ್ಟು ಬರೆಯುವುದಕ್ಕೆ ನನಗೆ ವರ್ಷಗಳು ಹಿಡಿದವು. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ, ಸಹಿಸಿಕೊಳ್ಳಿ. ಅಂದು ನಾಲ್ಕು ಜನರ ಎದುರು ನಿಮ್ಮ ಮೇಲೆ ಹೊರಿಸಿದ್ದನ್ನು ಇಂದು ನಿಮ್ಮೊಬ್ಬರ ಕಿವಿಯಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಅದಕ್ಕೇ ನಮ್ಮನ್ನು ಕಾಣದವರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಮುಂಬಯಿ ಹತ್ತಿರದ ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಊರು ಕಾರ್ಕಳದ ಕಡೆ. ಐದನೇ ತರಗತಿಗೆ ಬಿಟ್ಟ ಶಾಲೆಯನ್ನು ಮುಂಬಯಿಗೆ ಬಂದಮೇಲೆ ರಾತ್ರಿಶಾಲೆಯಲ್ಲಿ ಮತ್ತೆ ಹಿಡಿದೆ. ಹತ್ತನೆಯದು ಪಾಸಾಗುವಾಗ ನನಗೆ ದಪ್ಪ ಮೀಸೆ ಇತ್ತು. ಹಗಲು ಆ ಕಟ್ಟಡ ಬೇರೆ ಶಾಲೆಯದು. ಅವರ ಅಂಗಳದಲ್ಲಿ ಒಂದು ಬಾಸ್ಕೆಟ್‌ಬಾಲ್ ರಿಂಗ್ ಇತ್ತು. ಪಾಠಕ್ಕೆ ಮೊದಲು ನಾವು ಹೋಟೆಲಿನ ಹುಡುಗರು ಬೆವರಿನ ಅಂಗಿಯಲ್ಲೇ ಅದಕ್ಕೆ ಚೆಂಡು ಎಸೆಯುತ್ತಿದ್ದೆವು. ಬೀಜಗಣಿತ ನನ್ನ ತಲೆಗೆ ಹತ್ತಲಿಲ್ಲ, ಚೆಂಡು ಕೈಗೆ ಹತ್ತಿತು. ಆಮೇಲೆ ದುಡಿಮೆಯಲ್ಲಿ ಅದೂ ಬಿಟ್ಟುಹೋಯಿತು.

ನಲವತ್ತು ದಾಟಿದ ಮೇಲೆ ಒಂದು ಮದುವೆಗೆಂದು ಸಾನಪಾಡಾಕ್ಕೆ ಬಂದಿದ್ದೆ. ದಾರಿಯಲ್ಲಿ ಮೈದಾನ. ಹೊಟ್ಟೆ ಬಂದವರು, ತಲೆ ಬೋಳಾದವರು ಏದುಸಿರು ಬಿಡುತ್ತಾ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಬೇಲಿಯ ಹತ್ತಿರ ನಿಂತುಬಿಟ್ಟೆ. ಚೆಂಡು ನನ್ನ ಕಡೆ ಉರುಳಿ ಬಂತು. ಎತ್ತಿ ಎಸೆಯುವಾಗ ಬಾಯಿತಪ್ಪಿ "ಹಿಡೀರಿ" ಅಂದೆ. ಹಿಡಿದವರು ನೀವು.

"ಕನ್ನಡದವ್ರಾ? ಒಳಗೆ ಬನ್ನಿ ಮತ್ತೆ. ಒಬ್ಬ ಕಮ್ಮಿ ಇದಾನೆ ನಮ್ಗೆ," ಅಂದಿರಿ.

ಮದುವೆಯ ಪ್ಯಾಂಟಿನಲ್ಲೇ ಆಡಿದೆ. ಊಟಕ್ಕೆ ಹೋಗಲೇ ಇಲ್ಲ. ನೀವು ಬ್ಯಾಂಕಿನ ಅಧಿಕಾರಿ, ಮೈಸೂರಿನವರು, ಕಾಲೇಜಿನ ತಂಡದಲ್ಲಿ ಆಡಿದವರು ಅಂತೆಲ್ಲ ಆಮೇಲೆ ಗೊತ್ತಾಯಿತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಗ್ಗೆ ನನ್ನ ಕೋಣೆಯಿದ್ದ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಸಾನಪಾಡಾ. ಮಧ್ಯಾಹ್ನದವರೆಗೆ ಮಾಲೀಕರ ತಮ್ಮ ಗಲ್ಲಾ ನೋಡಿಕೊಳ್ಳುತ್ತಿದ್ದ. ವಾರವೆಲ್ಲ ನಾನು "ಮ್ಯಾನೇಜರ್", "ಸೇಟ್", "ಓ ಅಣ್ಣಾ, ಚಿಲ್ಲರೆ". ಮದುವೆಯಾಗಿರಲಿಲ್ಲ—ಅಕ್ಕಂದಿರದ್ದು ಮುಗಿಯುವ ಹೊತ್ತಿಗೆ ನನ್ನದು ತಡವಾಗಿತ್ತು, ಆಮೇಲೆ ಯಾರೂ ಕೇಳಲಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿದರೆ ಮರುದಿನ ಬೆಳಗ್ಗಿನವರೆಗೆ ನನ್ನ ದನಿಯೇ ನನಗೆ ಕೇಳುತ್ತಿರಲಿಲ್ಲ. ಆ ಮೈದಾನದಲ್ಲಿ ಮಾತ್ರ ನಾನು ಸಂಜೀವ.

ನಮ್ಮ ಆಟಕ್ಕೊಂದು ಪದ್ಧತಿ ಇತ್ತು. ವಯಸ್ಸಾದವರ ಆಟವಲ್ಲವೇ, ಅದಕ್ಕೆ ತಕ್ಕದ್ದು. ಶುರು ಮಾಡುವ ಮೊದಲು ಎಲ್ಲರೂ ಸುತ್ತ ನಿಂತು ನೋವಿನ ಹಾಜರಿ ಕೊಡಬೇಕು. ರೈಲ್ವೆಯಲ್ಲಿದ್ದ ಶಿಂದೆ ನಮ್ಮಲ್ಲಿ ಹಿರಿಯರು, ಅವರೇ ಕೂಗುತ್ತಿದ್ದರು: "ಬೋಲೋ, ಆಜ್ ಕಿಸ್‌ಕಾ ಕ್ಯಾ ದುಖ್ತಾ ಹೈ?" ಇವತ್ತು ಯಾರಿಗೆ ಎಲ್ಲಿ ನೋವು?

ಒಬ್ಬ ಹಿಮ್ಮಡಿ ಅನ್ನುತ್ತಿದ್ದ, ಒಬ್ಬ ಭುಜ. ನೀವು ಒಮ್ಮೆ, "ಕಮರ್. ಕಲ್ ಸಿಲಿಂಡರ್ ಉಠಾಯಾ," ಅಂದಿರಿ. ಸೊಂಟ, ಹಿಂದಿನ ದಿನ ಸಿಲಿಂಡರ್ ಎತ್ತಿದ್ದಕ್ಕೆ. "ಮೂರ್ತಿ ಸಾಬ್, ಭಾಭೀ ಸೇ ಬೋಲೋ ಇತ್ನಾ ಪ್ಯಾರ್ ನ ಕರೇ," ಅಂದರು ಶಿಂದೆ. ಇಷ್ಟೊಂದು ಪ್ರೀತಿ ಬೇಡ ಅಂತ ಹೆಂಡತಿಗೆ ಹೇಳಿ ಅಂತ. ಎಲ್ಲರೂ ನಕ್ಕೆವು. ನಗುವಿಗೆ ಮಾತ್ರ ಅಲ್ಲ ಆ ಹಾಜರಿ. ಯಾರಿಗೆ ಎಲ್ಲಿ ನೋವಿದೆಯೋ ಆ ಕಡೆಯಿಂದ ಯಾರೂ ಅವನನ್ನು ತಳ್ಳಬಾರದು. ಊದಿಕೊಂಡಿದ್ದರೆ ಅವನು ಹೊರಗೆ ಕೂರಬೇಕು, ಡಾಕ್ಟರು ಹೂಂ ಅನ್ನುವವರೆಗೆ.

ಇನ್ನೊಂದು ನಿಯಮ—ಅಂಪೈರ್ ಇಲ್ಲದ ಆಟ, ಆದ್ದರಿಂದ ಬಿದ್ದವನ ಮಾತೇ ಕೊನೆ. ಯಾರು ತಳ್ಳಿದರು, ಯಾರ ಕಾಲು ಅಡ್ಡ ಬಂತು ಅಂತ ಬಿದ್ದವನು ಹೇಳಿದರೆ ಮುಗಿಯಿತು, ವಾದ ಮಾಡುವ ಹಾಗಿಲ್ಲ. ಇದನ್ನು ಮಾಡಿದ್ದು ನೀವೇ. "ಈ ವಯಸ್ಸಲ್ಲಿ ಯಾರ್ರೀ ಸುಳ್ಳು ಹೇಳ್ತಾರೆ?" ಅಂದಿದ್ದಿರಿ.

ಅದು ಮಳೆಗಾಲ. ಶುಕ್ರವಾರ ಕೆಲಸ ಮುಗಿಸಿ ಡೊಂಬಿವಲಿಯಲ್ಲಿ ಗಾಡಿ ನಿಲ್ಲುವ ಮೊದಲೇ ಇಳಿದೆ. ದಿನಾ ಹಾಗೆಯೇ ಇಳಿಯುವವನು. ಒದ್ದೆ ಪ್ಲಾಟ್‌ಫಾರ್ಮು, ಪಾದ ನಿಂತಿತು, ಮೈ ತಿರುಗಿತು. ಬಲ ಮೊಣಕಾಲಿನೊಳಗೆ ಏನೋ ಹರಿದ ಹಾಗೆ ಸದ್ದು. ಗೋಡೆ ಹಿಡಿದು ಮನೆ ಸೇರಿದೆ. ಶನಿವಾರ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು.

ಭಾನುವಾರ ಬೆಳಗ್ಗೆ ಸ್ವಲ್ಪ ಇಳಿದಿತ್ತು. ಇಳಿದಿದೆ ಅಂತ ನಾನು ಅಂದುಕೊಂಡೆ. ಕ್ರೇಪ್ ಬ್ಯಾಂಡೇಜು ಬಿಗಿದು, ಮೇಲೆ ಟ್ರ್ಯಾಕ್ ಪ್ಯಾಂಟು ಹಾಕಿ ಹೊರಟೆ. ಹಾಜರಿಯಲ್ಲಿ ನನ್ನ ಸರದಿ ಬಂತು. ಊದಿದೆ ಅಂದರೆ ಎಷ್ಟು ಭಾನುವಾರ ಹೋಗುತ್ತದೋ—ಹೊರಗೆ ಕೂತು ನೋಡಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಹೊರಗೆ ಕೂತು ನೋಡುವುದನ್ನು ನಾನು ವಾರವೆಲ್ಲ ಗಲ್ಲಾದಲ್ಲಿ ಮಾಡುತ್ತಿದ್ದೆ.

"ಕುಛ್ ನಹೀ," ಅಂದೆ. ಏನೂ ಇಲ್ಲ.

ಆಟ ಹೆಚ್ಚು ಹೊತ್ತು ನಡೆಯಲಿಲ್ಲ. ಚೆಂಡು ರಿಂಗಿಗೆ ಬಡಿದು ಚಿಮ್ಮಿತು, ನಾನೂ ನೀವೂ ಹಾರಿದೆವು. ಚೆಂಡು ನನಗೆ ಸಿಕ್ಕಿತು. ಇಳಿಯುವಾಗ ಬಲಗಾಲು ನೆಲಕ್ಕೆ ತಾಗಿದ್ದಷ್ಟೇ, ಮೊಣಕಾಲು ತಾನಾಗಿ ಒಳಕ್ಕೆ ಮಡಚಿಕೊಂಡಿತು. ನಾನು ಕಿರುಚಿದೆ. ನೀವು ನನ್ನಿಂದ ಒಂದು ಮಾರು ದೂರ ಇಳಿದಿದ್ದಿರಿ. ನಾನು ಕಣ್ಣಾರೆ ಕಂಡಿದ್ದೆ.

ಎಲ್ಲರೂ ಸುತ್ತುಗಟ್ಟಿದರು. ಹಾರಿದವನ ಕೆಳಗೆ ಕಾಲಿಡುವುದು ಈ ಆಟದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಶಿಂದೆ ಮೊದಲು ಕೇಳಿದ್ದೂ ಅದನ್ನೇ: "ಪಾಯ್ ಕೋಣಾಚಾ ಹೋತಾ?" ಯಾರ ಕಾಲಿತ್ತು? ಕೇಳುತ್ತಾ ನನ್ನ ಪ್ಯಾಂಟನ್ನು ಮೇಲೆ ಸರಿಸಲು ಕೈ ಹಾಕಿದರು. ಒಳಗೆ ಬ್ಯಾಂಡೇಜಿತ್ತು. ನಾನು ಅವರ ಕೈ ಹಿಡಿದುಕೊಂಡೆ.

"ಮೂರ್ತಿಯವರ ಕಾಲು ಕೆಳಗೆ ಬಂತು."

ಅಷ್ಟೇ. ಅಷ್ಟೇ ಮಾತು, ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ನಿಮ್ಮ ಪಾದವನ್ನೇ ನೋಡಿಕೊಂಡಿರಿ—ಅದನ್ನು ಕೇಳುವವರ ಹಾಗೆ. ನೀವು ವಾದ ಮಾಡಬಹುದಿತ್ತು. ನಿಯಮ ನಿಮ್ಮದೇ ಅಲ್ಲವೇ, ಮಾಡಲಿಲ್ಲ. "ಗೊತ್ತಾಗ್ಲಿಲ್ಲ ಸಂಜೀವ್ರೇ," ಅಂದಿರಿ. "ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಆಸ್ಪತ್ರೆಯಲ್ಲಿ ನೀವು ಕಾಗದ ಮಾಡಿಸಲು ಹೋದಾಗ ನಾನು ಹಲ್ಲು ಕಚ್ಚಿ ಬ್ಯಾಂಡೇಜು ಬಿಚ್ಚಿ ಕಸದ ಡಬ್ಬಿಗೆ ಹಾಕಿದೆ. ಲಿಗಮೆಂಟು ಹರಿದಿತ್ತು, ಆಪರೇಷನ್ ಆಯಿತು. ಆಮೇಲಿನ ಭಾನುವಾರಗಳಲ್ಲಿ ಗಾಡಿ ಬದಲಿಸಿ ಬಂದವರು ನೀವು, ಸಾನಪಾಡಾದಿಂದ ಡೊಂಬಿವಲಿಗೆ. ಕೈಯಲ್ಲಿ ನಿಮ್ಮ ಹೆಂಡತಿ ಸುಧಕ್ಕ ಕಟ್ಟಿಕೊಟ್ಟ ಡಬ್ಬಿ, ಹುಳಿ, ಪಲ್ಯ, ಮೆಂತ್ಯದ ಹಿಟ್ಟು. ಮೊಣಕಾಲಿನ ಅಡಿಗೆ ಟವೆಲ್ ಸುತ್ತಿಟ್ಟು ನೀವು ಹೇಳುತ್ತಿದ್ದಿರಿ, "ಒತ್ತಿ... ಹಿಡ್ಕೊಳ್ಳಿ... ಬಿಡಿ." ಮೊದಲ ಸಲ ಬಂದಾಗ ಕೂರಲು ಜಾಗವಿರಲಿಲ್ಲ. ನನ್ನ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ನನ್ನ ಕಾಲಿತ್ತು. ನೀವು ಬಕೆಟ್ ಬೋರಲು ಹಾಕಿ ಕೂತಿರಿ. ಮರುವಾರ ಪಕ್ಕದ ಮನೆಯವರಿಗೆ ಹೇಳಿ ಇನ್ನೊಂದು ಕುರ್ಚಿ ತರಿಸಿದೆ. ಆ ಊರಿಗೆ ಬಂದು ಅಷ್ಟು ವರ್ಷವಾದ ಮೇಲೆ ನನಗೆ ಎರಡನೇ ಕುರ್ಚಿ ಬೇಕಾದದ್ದು ಅದೇ ಮೊದಲು.

ಇದನ್ನು ನೆಪ ಅಂತ ಹೇಳುತ್ತಿಲ್ಲ. ನಡೆದದ್ದು ಹೀಗೆ ಅಂತ ಮಾತ್ರ. ಸುಳ್ಳು ಹೇಳಿದ್ದು ನಾಚಿಕೆಯಿಂದ—ಅದನ್ನು ಉಳಿಸಿಕೊಂಡದ್ದು ಆ ಕುರ್ಚಿಗಾಗಿ. ನಾನು ನೆಟ್ಟಗೆ ನಡೆಯತೊಡಗಿದ ಮೇಲೂ ನೀವು ಬರುವ ಹೊತ್ತಿಗೆ ಕುಂಟುತ್ತಿದ್ದೆ. "ಇನ್ನೂ ನೋವಿದ್ಯಾ?" ಅಂತ ಕೇಳುತ್ತಿದ್ದಿರಿ. "ಸ್ವಲ್ಪ ಉಂಟು ಸರ್." ನನ್ನ 'ಉಂಟು' ಕೇಳಿ ನೀವು ನಗುತ್ತಿದ್ದಿರಿ, ಮುಂದಿನ ವಾರ ಮತ್ತೆ ಬರುತ್ತಿದ್ದಿರಿ.

ಕೊನೆಗೆ ನಾನು ಮೈದಾನಕ್ಕೆ ಮರಳಿದೆ. ನೀವು ಆಟಕ್ಕೆ ಮರಳಲಿಲ್ಲ. ನಿಮ್ಮ ಮೈಯಲ್ಲಿ ಆಗ ಏನೂ ಕೆಟ್ಟಿರಲಿಲ್ಲ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಿರಿ. ಆದರೂ ಬಂದು ಬೆಂಚಿನಲ್ಲಿ ಕೂತು ನಮ್ಮ ನೀರಿನ ಬಾಟಲಿ ಕಾಯುತ್ತಿದ್ದಿರಿ. ಕರೆದರೆ, "ನೀವು ಆಡಿ, ನಾನು ನೋಡ್ತೀನಿ," ಅಂತ. ಒಂದು ದಿನ ಒಬ್ಬ ಕಮ್ಮಿಯಾದಾಗ ಶಿಂದೆ ಬೆಂಚಿನ ಕಡೆ ಕೂಗಿದರು, "ಆ ಜಾವೋ ಮೂರ್ತಿ ಸಾಬ್. ಬಸ್ ಅಪ್ನಾ ಪೈರ್ ಉಧರ್ ಹೀ ಛೋಡ್ ಕೇ ಆನಾ." ಕಾಲನ್ನು ಅಲ್ಲೇ ಬಿಟ್ಟು ಬಾ ಅಂತ. ತಮಾಷೆಗೆ ಹೇಳಿದ್ದು. ನೀವೂ ನಕ್ಕಿರಿ. ನಾನೂ ನಕ್ಕೆ, ಸರ್. ಎಲ್ಲರ ಜೊತೆ ಸೇರಿ ನಾನೂ ನಕ್ಕೆ.

ಆಮೇಲೆ ನೀವು ಬೆಂಚಿಗೂ ಬರಲಿಲ್ಲ. ನನ್ನ ಕೋಣೆಗೆ ಮಾತ್ರ ಬರುತ್ತಿದ್ದಿರಿ. ಅಲ್ಲಿ ಒಮ್ಮೆ, ಚಹಾ ಕುಡಿಯುತ್ತಾ, ನೀವಾಗಿಯೇ ಆ ಮಾತು ತೆಗೆದಿರಿ.

"ಮೊದ್ಲು ನಂಗೆ ಏನೂ ನೆನಪಿರ್ಲಿಲ್ಲ ಸಂಜೀವ್ರೇ. ಈಗ ಚೆನ್ನಾಗಿ ನೆನಪಾಗತ್ತೆ. ನಿಮ್ಮ ಹಿಮ್ಮಡಿ ಬಂದು ಇಲ್ಲಿ ಕೂತ್ಕೊಳ್ತು." ಚಪ್ಪಲಿ ಕಳಚಿ ಎಡಪಾದದ ಮೇಲ್ಭಾಗವನ್ನು ಬೆರಳಿಂದ ಮುಟ್ಟಿ ತೋರಿಸಿದಿರಿ. "ಆ ಭಾರ ಇನ್ನೂ ಇದೆ."

ಇಲ್ಲದ ಭಾರ. ನನ್ನ ಒಂದು ಮಾತು ನಿಮ್ಮ ಪಾದದ ಮೇಲೆ ಕೂತು, ನೆನಪಾಗಿ, ತೂಕವಾಗಿ—ಹೇಗೆ ಹೇಳಲಿ. ಆಗಲೇ ಬಾಯಿಬಿಡಬೇಕಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಹೇಳುವುದಕ್ಕೆ ಅಡ್ಡ ಏನೂ ಇರಲಿಲ್ಲ. ನಾನು ಏನಂದೆ ಗೊತ್ತಲ್ಲ?

"ಬಿಡಿ ಸರ್. ನಾನು ಯಾವತ್ತೋ ಮರೆತಾಯ್ತು. ನೀವೂ ಮರೀರಿ."

ತಪ್ಪು ಮಾಡದವರನ್ನು ನಾನು ಕ್ಷಮಿಸಿದೆ. ನೀವು ನನ್ನ ಕೈ ಹಿಡಿದುಕೊಂಡು, "ದೊಡ್ಡ ಮನಸ್ಸು ನಿಮ್ದು," ಅಂದಿರಿ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಕೆಟ್ಟ ಕೆಲಸ ಆ ಸುಳ್ಳಲ್ಲ, ಈ ಕ್ಷಮೆ.

ಈಗ ಆ ಆಟವೂ ಇಲ್ಲ. ಶಿಂದೆ ಬದಲಾಪುರಕ್ಕೆ ಹೋದರು. ಉಳಿದವರು ಒಬ್ಬೊಬ್ಬರಾಗಿ ಡಾಕ್ಟರ ಮಾತು ಕೇಳಿದರು. ನನಗೂ ಓಡಲು ಆಗುವುದಿಲ್ಲ. ನೀವು ನಿವೃತ್ತರಾದಿರಿ, ನಿಮ್ಮ ಎರಡೂ ಮಂಡಿ ಸವೆದಿವೆ, ಮೆಟ್ಟಿಲಿಗೆ ಕೈಗೋಲು ಬೇಕು. ಈಗ ಭಾನುವಾರ ಬರುವವನು ನಾನು, ಡಬ್ಬಿ ತುಂಬಿಕೊಡುವವರು ಇನ್ನೂ ಸುಧಕ್ಕನೇ. ಕಳೆದ ಸಲ ನೀವು ಪೇಪರ್ ಓದುತ್ತಾ ಕೂತಿದ್ದಾಗ ಅವರು ನನ್ನ ಹತ್ತಿರ ದೂರು ಹೇಳಿದರು.

"ಇವ್ರಿಗೆ ನೀನಾದ್ರೂ ಹೇಳು ಸಂಜೀವ. ಮೈದಾನದ ಪಕ್ಕ ಹೋದ್ರೆ ಸ್ಟೇಷನ್ ಇಲ್ಲೇ ಇದೆ. ಈ ಮಂಡಿ ಇಟ್ಕೊಂಡು ಆ ಕಡೆ ಹೈವೇ ಸುತ್ತಿ ಹೋಗ್ತಾರೆ."

"ಯಾಕೆ ಸರ್?" ಅಂದೆ.

"ಸುಮ್ನೆ. ವಾಕಿಂಗ್ ಆಗತ್ತಲ್ಲ," ಅಂದಿರಿ.

"ನಡೆಯಕ್ಕಾಗದೋರಿಗೆ ವಾಕಿಂಗು," ಅಂತ ಸುಧಕ್ಕ ಒಳಗೆ ಹೋದರು. ನೀವು ಪೇಪರ್ ಮುಖಕ್ಕೆ ಹಿಡಿದೇ ಇದ್ದಿರಿ. ಬಹಳ ಹೊತ್ತು ಹಾಳೆ ತಿರುಗಿಸಲಿಲ್ಲ.

ನಿಮ್ಮ ಆಟ ಹೋಯಿತು ಅಂತ ನನಗೆ ಗೊತ್ತಿತ್ತು. ದಾರಿಯೂ ಹೋಗಿತ್ತು ಅಂತ ಗೊತ್ತಿರಲಿಲ್ಲ. ಸವೆದ ಮಂಡಿಯಲ್ಲಿ ಇಷ್ಟು ವರ್ಷ ಸುತ್ತು ಹಾಕಿ—ನನ್ನದೊಂದು ಮಾತು ಬಿದ್ದ ಜಾಗವನ್ನು ತಪ್ಪಿಸಿ ನಡೆದಿದ್ದೀರಿ.

ಈಗ ನಿಜ ಹೇಳಿದರೆ ನಿಮಗೆ ಆಟ ಮರಳಿ ಬರುವುದಿಲ್ಲ, ಅದು ನನಗೆ ಗೊತ್ತು. ಆ ವರ್ಷಗಳು, ಆ ಬೆಂಚು, ಆ ನಗು, ಯಾವುದನ್ನೂ ನಾನು ಹಿಂದಕ್ಕೆ ಕೊಡಲಾರೆ. ಪಾದದ ಮೇಲಿನ ಭಾರವನ್ನಾದರೂ ಇಳಿಸಬಹುದೇನೋ. ಅದೂ ನನ್ನ ಆಸೆ ಇರಬಹುದು, ನಿಮಗೆ ಇದರಿಂದ ಇನ್ನೂ ದೊಡ್ಡ ಪೆಟ್ಟು ಬೀಳಬಹುದು. ಆದರೂ ಅದು ನಿಮ್ಮ ಕಾಲು, ಅದರ ಬಗ್ಗೆ ನಿಜ ಏನೆಂದು ನಿಮಗೆ ಗೊತ್ತಿರಬೇಕು.

ಇದು ಅಚ್ಚಾಗುವ ಮೊದಲು ನಾನೇ ಬಂದು ನಿಮ್ಮೆದುರು ಹೇಳುತ್ತೇನೆ. ಸುಧಕ್ಕನ ಎದುರೂ. ಆಮೇಲೆ ಬದಲಾಪುರಕ್ಕೆ ಹೋಗಿ ಶಿಂದೆಯವರಿಗೆ ಹೇಳುತ್ತೇನೆ. ಅವರಿಗೆ ಕನ್ನಡ ಓದಲು ಬಾರದು, ನನ್ನ ಮುರುಕು ಮರಾಠಿಯಲ್ಲೇ ಹೇಳಬೇಕು. ನಂತರ ನೀವು ನನ್ನ ಮುಖ ನೋಡದಿದ್ದರೆ ಅದು ಸರಿಯೇ. ಡಬ್ಬಿಯನ್ನು ತೊಳೆದು ತಂದಿಟ್ಟು ಹೋಗುತ್ತೇನೆ. ಕೋಣೆಯಲ್ಲಿ ನಿಮ್ಮ ಕುರ್ಚಿ ಇನ್ನು ಮುಂದೆಯೂ ಖಾಲಿಯೇ ಉಳಿದರೆ, ಅದನ್ನು ಖಾಲಿ ಮಾಡಿದವನು ನಾನೇ.

ಒಂದೇ ಒಂದು ಕೇಳಿಕೆ ಇದೆ. ಆ ದಿನ ನಿಮ್ಮ ಮನೆಗೆ ನಾನು ಮೈದಾನದ ಬದಿಯಿಂದಲೇ ಬರುತ್ತೇನೆ. ಬಾಗಿಲು ತೆಗೆದಾಗ ಯಾವಾಗಿನಂತೆ "ಹೇಗಿದೀರಾ" ಅಂತ ಕೇಳಬೇಡಿ. ಶಿಂದೆ ಕೇಳುತ್ತಿದ್ದ ಹಾಗೆ, ಎಲ್ಲಿ ನೋವು ಅಂತ ಕೇಳಿ. ಅಂದು ಹಾಜರಿಯಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಕೊಟ್ಟೇ ಮುಂದಿನ ಮಾತು ಶುರು ಮಾಡುತ್ತೇನೆ.

ಬಲ ಮೊಣಕಾಲು, ಸರ್. ಶುಕ್ರವಾರದಿಂದ.