ಶವಾಗಾರದ ಗೇಟಿನ ತಿರುವು

ಶವದ ಗಾಡಿ ಓಡಿಸುವ ಬಾದು ಕುಮಾಸಿ ನಗರದ ಸುತ್ತಲಿನ ಹಳ್ಳಿಗಳಿಗೆ ಎಷ್ಟೋ ಜನರನ್ನು ಕೊನೆಯ ಸಲ ಮುಟ್ಟಿಸಿದ್ದ. ಯಾವ ಹಳ್ಳದಲ್ಲೂ ಒಬ್ಬರನ್ನೂ ಕುಲುಕಿಸಿರಲಿಲ್ಲ. ಶವ ಹೊತ್ತಾಗ ಎಂಜಿನ್ ಜೋರು ಮಾಡುವುದು ಅವನ ದೃಷ್ಟಿಯಲ್ಲಿ ಮರ್ಯಾದೆಯಲ್ಲ.

ಆ ಶುಕ್ರವಾರ ಅವನ ಗಾಡಿ ಶವಾಗಾರದ ಗೇಟಿನಲ್ಲೇ ನಿಂತಿತು. ಹಿಂದೆ ಪೆಟ್ಟಿಗೆಯಲ್ಲಿ ಅಸಾರೆ ಮೇಷ್ಟ್ರು. ಅವರ ಊರಿನ ಕಡೆಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೊಡನೆ ಎಂಜಿನ್ ನಡುಗಿ ಆರಿತು. ಮತ್ತೆ ಚಾಲೂ ಮಾಡಿದ. ಮತ್ತೆ ಅದೇ.

ಕಾರಣ ಬಾದುವಿಗೆ ಗೊತ್ತಿತ್ತು. ಪವರ್ ಸ್ಟಿಯರಿಂಗಿನ ಪಂಪಿನ ಮೇಲೆ ಒಂದು ಸಣ್ಣ ಸ್ವಿಚ್ಚಿರುತ್ತದೆ. ಚಕ್ರ ತಿರುಗಿಸುವಾಗ ಎಣ್ಣೆಯ ಒತ್ತಡ ಏರಿದರೆ, ಭಾರ ಬಿತ್ತು, ಸ್ವಲ್ಪ ಜೋರಾಗು ಎಂದು ಎಂಜಿನ್ನಿಗೆ ತಿಳಿಸುವುದು ಅದರ ಕೆಲಸ. ಅದು ಸೋರುತ್ತಿತ್ತೆಂದು ಫಿಟ್ಟರ್ ಸಲಿಫು ಹಿಂದಿನ ವಾರ ಬಿಚ್ಚಿ, ಬೇರೆಯದು ಸಿಗುವವರೆಗೆ ಇರಲಿ ಎಂದು ತೂತಿಗೆ ಬೋಲ್ಟು ಬಿಗಿದಿದ್ದ. ಖಾಲಿ ಗಾಡಿಯನ್ನು ಬಾದು ಆಕ್ಸಿಲರೇಟರ್ ಒತ್ತಿ ತಿರುಗಿಸಿಕೊಂಡು ಬಂದಿದ್ದ. ಈಗಲೂ ಹಾಗೇ ಮಾಡೋಣವೆಂದುಕೊಳ್ಳುವಷ್ಟರಲ್ಲಿ ಮೇಷ್ಟ್ರ ಅಕ್ಕ ದುಫಿಯೆ ಬಾನೆಟ್ಟಿಗೆ ಅಡ್ಡ ನಿಂತಳು.

“ನಿಲ್ಸಪ್ಪ. ನನ್ ತಮ್ಮನಿಗೆ ಬರೋಕೆ ಮನಸ್ಸಿಲ್ಲ. ಯಾರ ಮೇಲೆ ಸಿಟ್ಟು ಅಂತ ಕೇಳ್ದೆ ಎಳ್ಕೊಂಡು ಹೋಗ್ತೀಯಾ?”

“ಅದು ಸ್ವಿಚ್ಚು, ಅಮ್ಮ.”

“ಬೆಳಿಗ್ಗೆ ಓಡ್ತಿದ್ದ ಗಾಡಿ. ಇವನು ಹತ್ತಿದ ಮೇಲೇ ಯಾಕೆ ನಿಲ್ತು?”

ಸತ್ತವನಿಗೆಂದು ಅವಳು ನೆಲಕ್ಕೆ ಮದ್ಯ ಸುರಿದಳು. ಶವದ ಜೊತೆ ಹೊರಟಿದ್ದ ಕಪ್ಪು ಬಟ್ಟೆಯ ಜನವೆಲ್ಲ ಮೇಷ್ಟ್ರ ಹೆಂಡತಿ ಸೆರ್ವಾಳತ್ತ ತಿರುಗಿತು.

“ಏನ್ ಮಾಡಿದ್ಯೋ ಹೇಳ್ಬಿಡು ಸೆರ್ವಾ. ಹೇಳದಿದ್ರೆ ನೀನು ಮಣ್ಣಿಗೆ ಬರೋ ಹಾಗಿಲ್ಲ,” ಎಂದಳು ದುಫಿಯೆ.

ಬಾದು ಫೋನ್ ಮಾಡಿದ. ಸಲಿಫು ಬೈಕಿನಲ್ಲಿ ಬಂದು ಗುಜರಿ ಗಾಡಿಯೊಂದರ ಸ್ವಿಚ್ಚನ್ನು ಅವನ ಕೈಗಿಟ್ಟ. “ಆ ಗಾಡಿ ಸತ್ತಿದೆ ಅಣ್ಣ, ಇದಕ್ಕಿನ್ನೂ ಜೀವ ಇದೆ.”

“ಮೆತ್ತಗೆ ಮಾತಾಡು ಮಾರಾಯ.”

ಸೆರ್ವಾ ಬಾಯಿ ಬಿಡುವ ಮುಂಚೆ ಮುಗಿಸಬೇಕು ಎಂಬುದೊಂದೇ ಬಾದುವಿನ ತಲೆಯಲ್ಲಿತ್ತು. ಬೋಲ್ಟು ಬಿಚ್ಚಿದ. ಹೊಸ ವಾಷರ್ ಇಟ್ಟು ಸ್ವಿಚ್ಚನ್ನು ಮೊದಲು ಬೆರಳಿನಲ್ಲಿ, ಆಮೇಲೆ ಸ್ಪ್ಯಾನರಿನಲ್ಲಿ ಬಿಗಿದ. ವೈರು ಸಿಕ್ಕಿಸಿದ, ಸೋರಿದಷ್ಟು ಎಣ್ಣೆ ತುಂಬಿದ. ಅಷ್ಟರಲ್ಲಿ ಹಿಂದಿನಿಂದ ಸೆರ್ವಾಳ ದನಿ ಕೇಳಿಸಿತು.

“ಕೊನೇ ದಿನ ಸೂಪ್ ಕೇಳಿದ್ರು ಅತ್ತಿಗೆ. ನಾಳೆ ಮಾಡ್ತೀನಿ ಅಂದೆ.”

ಸಲಿಫು ಕೀಲಿ ತಿರುಗಿಸಿ, ಎಣ್ಣೆಯೊಳಗಿನ ಗಾಳಿ ಹೋಗಲೆಂದು ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ಆಡಿಸಿದ. ಎಂಜಿನ್ ಆರಲಿಲ್ಲ.

“ಕೇಳಿದ್ರಾ? ಇವಳು ಬಾಯ್ಬಿಟ್ಳು, ಗಾಡಿ ನಿಲ್ಲಲಿಲ್ಲ,” ಎಂದಳು ದುಫಿಯೆ.

ಬಾದುವಿಗೆ ತಡೆಯಲಾಗಲಿಲ್ಲ. “ಇಲ್ನೋಡಿ ಅಮ್ಮ, ಈಗ ಈ ವೈರು ಕೀಳ್ತೀನಿ,” ಎಂದು ಕಿತ್ತ. ಸಲಿಫು ಸ್ಟಿಯರಿಂಗ್ ತಿರುಗಿಸಿದ. ಎಂಜಿನ್ ಆರಿತು.

ದುಫಿಯೆ ವೈರಿನ ಕಡೆ ನೋಡಲೇ ಇಲ್ಲ. “ಇನ್ನೂ ಏನೋ ಮುಚ್ಚಿಟ್ಟಿದ್ದಾಳೆ.”

“ಅಷ್ಟೇ ಅತ್ತಿಗೆ. ಬೇರೇನೂ ಇಲ್ಲ.”

“ಅಮ್ಮ, ಆರಿಸಿದ್ದು ನಾನು. ನನ್ ಕೈಯಾರೆ.” ಬಾದು ವೈರನ್ನು ಮತ್ತೆ ಸಿಕ್ಕಿಸುತ್ತ ಹೇಳಿದ.

“ನಿನ್ ಕೈ ಆಡ್ಸಿದ್ದು ಯಾರು?” ಎಂದಳು ಮುದುಕಿ. “ಇವಳು ಇಲ್ಲೇ ಇರಲಿ. ಇವಳನ್ನ ಬಿಟ್ಟು ತಿರುಗ್ಸಿ ನೋಡು, ಗಾಡಿ ನಿಲ್ಲಲ್ಲ.”

ಸೆರ್ವಾ ಹತ್ತಲೆಂದು ಬಾದು ಮುಂದಿನ ಬಾಗಿಲು ತೆಗೆದು ಹಿಡಿದು ನಿಂತ. ಅವಳು ಬೇಡವೆಂದು ತಲೆಯಾಡಿಸಿದಳು. “ಹೋಗಿ ಅಣ್ಣ. ಅವರನ್ನ ಬಿಸಿಲಲ್ಲಿ ಕಾಯಿಸ್ಬೇಡಿ.”

ಅವನು ಕೂತು ಸ್ಟಿಯರಿಂಗ್ ಪೂರ್ತಿ ತಿರುಗಿಸಿದ. ಎಂಜಿನ್ ಆರಲಿ ಎಂದು ಜನ್ಮದಲ್ಲಿ ಮೊದಲ ಸಲ ಬಯಸಿದ. ಅದು ನಡುಗಲೂ ಇಲ್ಲ. ಗಾಡಿ ಒಂಚೂರೂ ಕುಲುಕದೆ ಗೇಟು ದಾಟಿತು. ಕನ್ನಡಿಯಲ್ಲಿ ಸೆರ್ವಾ, ನೆಲದ ಮೇಲೆ ಸೋರಿದ್ದ ಎಣ್ಣೆಯ ಪಕ್ಕ ನಿಂತಿದ್ದಳು.