ಮೌಸ್ ಮುಟ್ಟದೆ ಐದು ನಿಮಿಷ

ಸುಮಿತ್ರಾ ಅವರೇ, ನಾನು ಓದಿದ್ದೆ. ಒಮ್ಮೆಯಲ್ಲ, ಎರಡು ಸಲ. ಓದಿಲ್ಲವೆಂದು ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ — ಇಲ್ಲ, ಇದೂ ಪೂರ್ತಿ ಖರೆಯಲ್ಲ, ಕೀಬೋರ್ಡ್ ನೋಡಿ ಹೇಳಿದೆ.

ಜಮಖಂಡಿಯ ಆ ಟೈಪಿಂಗ್ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಕಂಪ್ಯೂಟರು. ಅಣೆಕಟ್ಟಿನ ಮುಳುಗಡೆ ಹಳ್ಳಿಯವರ ಪರಿಹಾರದ ಅರ್ಜಿಗಳನ್ನು ಮಧ್ಯಾಹ್ನದವರೆಗೆ ನೀವು ಹೊಡೆಯುತ್ತಿದ್ದಿರಿ, ಆಮೇಲೆ ನಾನು. ತೆರೆಯ ಮೇಲೆ ಮಷೀನಿನ ಜೊತೆಗೇ ಬಂದ ನೀಲಿ ಆಕಾಶ, ಬಿಳಿ ಮೋಡ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಬಣ್ಣದ ಪೈಪುಗಳು ಬಂದು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ನಾನು ಅದಕ್ಕೂ ಬಿಡುತ್ತಿರಲಿಲ್ಲ. ಮಷೀನು ನಿಂತೇ ಹೋಯಿತೇನೋ ಎಂಬ ಚಿಂತೆಗೆ ಮೌಸ್ ಅಲುಗಿಸುತ್ತಲೇ ಇರುತ್ತಿದ್ದೆ.

"ಸರ, ಅದಕ್ಕೂ ಸ್ವಲ್ಪ ಉಸಿರಾಡಾಕ ಬಿಡ್ರಿ," ಎಂದು ನಗುತ್ತಿದ್ದಿರಿ. ಆ ನಗು ಕೇಳಲೆಂದೇ ಎಷ್ಟೋ ಸಲ ಬೇಕಂತಲೇ ಅಲುಗಿಸಿದ್ದೇನೆ — ಅದನ್ನೂ ಹೇಳಿರಲಿಲ್ಲ.

ಅಂದು ನಿಮ್ಮೂರಿನ ಬನಹಟ್ಟಿ ಬಸ್ಸಿಗೆ ಹೊರಡುವಾಗ, "ಇವತ್ತರೆ ಮೌಸ್ ಬಿಟ್ಟು ಚಾ ಕುಡದು ಬರ್ರಿ," ಎಂದಿರಿ. ಹೋಗಿ ಬಂದೆ. ಮೋಡವಿಲ್ಲ, ಪೈಪಿಲ್ಲ. ಪೈಪಿನ ಜಾಗಕ್ಕೆ ನೀವು ಬರೆದಿಟ್ಟ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ, ಕಪ್ಪು ತೆರೆಯ ಮೇಲೆ ಹರಿಯುತ್ತಿತ್ತು: "ನಾಳಿ ಸಂಜಿಕ ನನ್ನ ನೋಡಾಕ ಬರತಾರ್ರಿ. ನೀವು ಒಂದು ಮಾತು ಅಂದ್ರ, ಒಲ್ಲೆ ಅಂತೀನಿ."

ಗಾಬರಿಗೆ ಮೌಸ್ ತಾಕಿತು. ಮಾಯ. ಮತ್ತೊಮ್ಮೆ ಓದಲು ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಕೂತೆ — ನಾನು ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು. ಬಂತು. ಓದಿದೆ. ಆಮೇಲೆ... ಮಾಲೀಕರು ನೋಡಿದರೆ? ನಿಮ್ಮಣ್ಣ ಬಂದರೆ? ನಮ್ಮವ್ವ ಏನಂದಾಳು? ಇಷ್ಟೆಲ್ಲ ಚಿಂತೆಗಳ ಸಾಲಿನಲ್ಲಿ ನೀವೇ ಇರಲಿಲ್ಲ. ನಿಮ್ಮ ಮಾತು ಅಳಿಸಿ ಪೈಪುಗಳನ್ನು ಮತ್ತೆ ಹಚ್ಚಿದೆ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಇಬ್ಬರೂ ಬಂದಿದ್ದೆವು. ನೀವು ಕಂಪ್ಯೂಟರ್ ಹಚ್ಚಿ ಕೇಳಿದಿರಿ.

"ನಿನ್ನೆ ಚಾಕ್ಕ ಹೋಗಿದ್ರೇನ್ರಿ, ಸರ?"

"ಎಲ್ಲಿ ಚಾ ರೀ, ಕೆಲಸ ಭಾಳ ಇತ್ತು. ಮೌಸ್ ಬಿಡಲೇ ಇಲ್ಲ."

"ಹಂಗಾದ್ರ ಈಗ ಬಿಡೂಣು ತಗೋರಿ."

ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರಿ. ನಾನು ಪಕ್ಕದಲ್ಲಿ ನಿಂತಿದ್ದೆ. ಹೊರಗೆ ಅರ್ಜಿಯವರು ಬಂದು ಕೆಮ್ಮಿದರೂ ನೀವು ತಿರುಗಲಿಲ್ಲ. ಕೊನೆಗೆ ಬಂದವು — ಕೆಂಪು ಪೈಪು, ಹಳದಿ ಪೈಪು. ನಾನು ನಿಜಕ್ಕೂ ಓದಿರದಿದ್ದರೆ ಅಲ್ಲಿ ನಿಮ್ಮ ಮಾತೇ ಬರಬೇಕಿತ್ತು ಎಂಬುದು ನನಗೆ ಹೊಳೆದದ್ದು ಆಗ. ನಿಮಗೆ ಮೊದಲೇ ತಿಳಿದಿತ್ತು.

"ಛಲೋ ಅದಾವ್ರಿ ಪೈಪು," ಎಂದಿರಿ. ಅರ್ಜಿಯವರನ್ನು ಒಳಗೆ ಕರೆದಿರಿ.

ನಿಮ್ಮ ಮದುವೆಗೆ ಬಂದು ಅಕ್ಕಿಕಾಳೂ ಹಾಕಿದೆ. ಕಾಳು ಮಂಟಪದವರೆಗೆ ಮುಟ್ಟಿರಲಿಕ್ಕಿಲ್ಲ.

ಆಮೇಲೆ ಬಂದ ಹೊಸ ಮಷೀನುಗಳ ತೆರೆಯ ಮೇಲೆ ಆ ಮೋಡ ಹೋಗಿ ಹಸಿರು ಗುಡ್ಡ ಬಂತು. ಮಹಾಲಿಂಗಪುರದ ಬೆಲ್ಲದ ಅಂಗಡಿಯಲ್ಲಿ ಅದರೆದುರು ಎಷ್ಟೋ ವರ್ಷ ಕೂತೆ. ಆ ಗುಡ್ಡ ಹತ್ತಿ ಆಚೆ ಇಳಿದರೆ ಬನಹಟ್ಟಿ ಬಸ್ಸು ಸಿಗುತ್ತದೇನೋ — ಇಂಥವೇ ಹುಚ್ಚು ಯೋಚನೆ. ಈಗಿನ ಮಷೀನುಗಳಲ್ಲಿ ಗುಡ್ಡವೂ ಇಲ್ಲ, ಪೈಪೂ ಇಲ್ಲ. ಮುಟ್ಟದಿದ್ದರೆ ತೆರೆ ಸುಮ್ಮನೆ ಆರಿಹೋಗುತ್ತದೆ. ಈಗ ಮಾತ್ರ ನಾನು ಕೈ ತೆಗೆದು ಕಾಯುತ್ತೇನೆ.

ಕ್ಷಮೆ ಕೇಳುತ್ತಿಲ್ಲ. ನೀವು ಕೇಳಿದ್ದು ಒಂದೇ ಮಾತು. ಎರಡನೆಯ ಸಲ ಓದುವಾಗಲೇ ಅದು ನನ್ನ ಬಾಯಿಗೆ ಬಂದಿತ್ತು —

ಒಲ್ಲೆ ಅನ್ರಿ, ಸುಮಿತ್ರಾ.